ಮೊಣಕಾಲೂರಿದ ನಿದ್ದೆ

ಇನಾಸನ ಗ್ರಹಚಾರ ಕೆಟ್ಟದ್ದು ಪಕ್ಕದ ಮನೆಯವರು ನೆಲಕ್ಕೆ ಟೈಲ್ಸ್ ಹಾಕಿಸಲು ಹೊರಟಾಗ. ಕಾರವಾರದ ಐಸ್ ಫ್ಯಾಕ್ಟರಿಯೊಂದರಲ್ಲಿ ಅವನದು ರಾತ್ರಿ ಕಾವಲು. ಹಗಲು ಮಲಗೋಣವೆಂದರೆ ಗೋಡೆಯಾಚೆ ಟೈಲ್ಸ್ ಕೊಯ್ಯುವ ಮಷೀನು ಕಿರ್ರೆನ್ನುತ್ತಿತ್ತು. ನಿನ್ನೆ ರಾತ್ರಿ ಗೇಟಿನಲ್ಲಿ ತೂಕಡಿಸಿ ಸಿಕ್ಕಿಬಿದ್ದಿದ್ದ.

"ಇವತ್ತೂ ಕಣ್ಮುಚ್ಚಿದ್ರೆ ಕೆಲ್ಸ ಇಲ್ಲ, ತಿಳ್ಕೊ" ಎಂದಿದ್ದ ಮ್ಯಾನೇಜರ್.

ಊರಿನಲ್ಲಿ ಸದ್ದಿಲ್ಲದ ಜಾಗವೆಂದರೆ ಇಗರ್ಜಿ ಒಂದೇ. ಬೆಳಗಿನ ಪೂಜೆ ಮುಗಿದ ಮೇಲೆ ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ದೇವರ ಮುಂದೆ ಕಾಲು ಚಾಚಿ ಮಲಗುವುದು ಮರ್ಯಾದೆಯಲ್ಲವೆಂದು ಇನಾಸ ಮೊಣಕಾಲೂರಿ, ಮುಂದಿನ ಬೆಂಚಿಗೆ ಹಣೆಯಾನಿಸಿ, ಬೆರಳಿಗೆ ಜಪಮಾಲೆ ಸುತ್ತಿಕೊಂಡ. "ಸ್ವಾಮೀ, ಸ್ವಲ್ಪ ಹೊತ್ತು" ಎಂದನಷ್ಟೆ. ಮರುಕ್ಷಣ ನಿದ್ದೆ.

ಹೂವು ಬದಲಿಸಲು ಬಂದ ಮುದುಕಿ ನತಾಲಮಾಯಿಯ ಕಣ್ಣಲ್ಲಿ ನೀರೇ ಬಂತು. ಎಂಥ ಏಕಾಗ್ರತೆ! ಹೊರಗೆ ಹೋಗಿ ಗೇಟಿನ ಬಳಿ ಮೀನು ಮಾರುತ್ತಿದ್ದ ದುರ್ಗಾಳಿಗೆ ಹೇಳಿದಳು. ದುರ್ಗಾ ಕೈ ಒರೆಸಿಕೊಂಡು ಓಡಿ ಬಂದಳು.

"ಇನಾಸಣ್ಣಾ, ನಮ್ ಮಗ್ಳು ನೀತಾನ ನೋಡೂಕೆ ಇವತ್ತು ಬೆಳಂಬಾರದ ಗಂಡಿನವ್ರು ಬರ್ತ್ರು. ನಿಮ್ ಸ್ವಾಮಿ ಹತ್ರ ಒಂದ್ ಮಾತ್ ಹೇಳಿ ಮಾರಾಯ್ರೆ."

"ಹೇಳ್ತೆ, ಹೇಳ್ತೆ" ಎಂದು ಇನಾಸ ನಿದ್ದೆಗಣ್ಣಲ್ಲೇ ಮತ್ತೆ ಬೆಂಚಿಗೆ ಹಣೆಯಿಟ್ಟ.

ಮಧ್ಯಾಹ್ನ ಯಾರೋ ಭುಜ ಅಲುಗಿಸಿದರು. ಮತ್ತೆ ದುರ್ಗಾ. "ಹುಡುಗ ಒಪ್ಪಿದ್ನ್ರಾ!" ಅವಳ ಹಿಂದೆ ಅರ್ಧ ಕೇರಿಯೇ ನಿಂತಿತ್ತು. ಒಬ್ಬಳಿಗೆ ಒಣಮೀನಿಗೆ ಬಿಸಿಲು ಬೇಕು, ಬಾವಿ ಬತ್ತಿದವಳಿಗೆ ಮಳೆ ಬೇಕು, ಮೀನುಗಾರ ಕಿಶನನಿಗೆ ಬೋಟಿನ ಇಂಜಿನ್ ಚಾಲೂ ಆಗಬೇಕು.

"ಅಯ್ಯೋ, ನಾ ಪ್ರಾರ್ಥನೆ ಮಾಡ್ಲಿಲ್ಲ, ನಿದ್ದೆ ಮಾಡ್ದೆ!" ಎಂದು ಇನಾಸ ಕೂಗಿದ.

"ಕಂಡ್ರ್ಯಾ? ದೊಡ್ಡ ಭಕ್ತರು ಯಾವತ್ತೂ ಹೇಳ್ಕೊಳ್ಳೂದಿಲ್ಲ" ಎಂದಳು ನತಾಲಮಾಯಿ.

ಇವರು ನಂಬುವುದಿದ್ದರೆ ಪಾದ್ರಿಯ ಮಾತನ್ನು ಮಾತ್ರ. ಶನಿವಾರವಾದ್ದರಿಂದ ಸಂಜೆ ಅವರು ಪಾಪನಿವೇದನೆಯ ಗೂಡಿನಲ್ಲಿ ಕುಳಿತಿದ್ದರು. ಇನಾಸ ಸೀದಾ ನುಗ್ಗಿ ಜಾಲರಿಯ ಮುಂದೆ ಮೊಣಕಾಲೂರಿ ಎಲ್ಲ ಒಪ್ಪಿಸಿದ.

"ನೀವೇ ಅವ್ರಿಗೆ ನಿಜ ಹೇಳ್ಬಿಡಿ ಫಾದರ್."

ಒಳಗಿನಿಂದ ನಿಟ್ಟುಸಿರು ಕೇಳಿತು. "ಅಂಗಳದಲ್ಲಿ ನಿಂತು ಹೇಳಿದ್ರೆ ಆಗ್ತಿತ್ತಲ್ಲೊ ಇನಾಸ. ಇಲ್ಲಿ ಕೇಳಿದ್ದು ನನ್ನ ಜೊತೆ ಮಣ್ಣಿಗೇ ಹೋಗೂದು. ಪೋಪರು ಕೇಳಿದ್ರೂ ನಾ ಹೇಳೂ ಹಾಗಿಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಗರ್ಜಿಗೂ ಸಲ್ಲುತ್ತದೆಂದು ಇನಾಸನಿಗೆ ಅಂದು ತಿಳಿಯಿತು.

ಹೊರಗೆ ಬಂದ ಪಾದ್ರಿಯನ್ನು ನತಾಲಮಾಯಿ ತಡೆದಳು. "ಫಾದರ್, ಇವ ಬೆಳಿಗ್ಗಿಂದ ಪ್ರಾರ್ಥನೆ ಮಾಡಿದ್ದು ಹೌದಲ್ಲ?"

ಪಾದ್ರಿ ತಲೆಯೆತ್ತಿ ಚಾವಣಿ ನೋಡಿದರು. "ಅದ್ರ ಬಗ್ಗೆ ನಾ ಬಾಯಿ ಬಿಡೂ ಹಾಗಿಲ್ಲ."

ಜನರಲ್ಲಿ ಗುಸುಗುಸು ಎದ್ದಿತು. ಪಾದ್ರಿಗೂ ಹೇಳಲಾಗದಂಥ ಪ್ರಾರ್ಥನೆ! ದುರ್ಗಾ ಕೈಮುಗಿದಳು.

ಇನಾಸ ಸೋತು ಮನೆಗೆ ಬಂದರೆ, ಆಶ್ಚರ್ಯ, ಮಷೀನು ನಿಂತಿತ್ತು. ಪಕ್ಕದ ಮನೆಯವನೇ ಬೇಲಿಯಾಚೆಯಿಂದ, "ನೀವು ಇಷ್ಟ್ ದೊಡ್ಡ ಭಕ್ತರು ಅಂತ ಗೊತ್ತಿರ್ಲಿಲ್ಲ ಇನಾಸಬಾಬ್. ಇನ್ಮೇಲೆ ಸದ್ದು ಮಾಡೂದಿಲ್ಲ" ಎಂದ. ಕೆಲಸಕ್ಕೆ ಹೊರಡಲು ಇನ್ನೂ ಹೊತ್ತಿತ್ತು. ಇನಾಸ ಖುಷಿಯಿಂದ ಚಾಪೆ ಬಿಡಿಸಿದ.

ಬಾಗಿಲು ಬಡಿದ ಸದ್ದಾಯಿತು. ಮೇಣದಬತ್ತಿ ಹಿಡಿದು ನತಾಲಮಾಯಿ ನಿಂತಿದ್ದಳು, ಹಿಂದೆ ಇಡೀ ಕೇರಿ.

"ಮಷೀನು ನಿಂತ್ತಲ್ಲ ಬಾಬ, ಇನ್ನು ದಿನಾ ಪ್ರಾರ್ಥನೆ ನಿನ್ ಮನೇಲೇ. ನೀನೇ ಶುರು ಮಾಡು. ಗಟ್ಟಿಯಾಗಿ ಹೇಳು, ಎಲ್ರಿಗೂ ಕೇಳ್ಬೇಕು."

ಇನಾಸ ಚಾಪೆಯ ಮೇಲೆಯೇ ಮೊಣಕಾಲೂರಿದ. ಈ ಸಲ ಹಣೆಯಾನಿಸಲು ಬೆಂಚೂ ಇರಲಿಲ್ಲ.