ಓದಿಸಿಕೊಂಡು ಹೋಗುವ ಅಕ್ಷರ

ಮಧುಗಿರಿಯಲ್ಲಿ ಡಿಟಿಪಿ ಅಂಗಡಿ ಇಟ್ಟವನಿಗೆ ಬೈಗುಳ ಹೊಸದಲ್ಲ. ತಪ್ಪು ಅಚ್ಚಾದರೆ ಬೈಯುತ್ತಾರೆ, ತಡವಾದರೂ ಬೈಯುತ್ತಾರೆ. ಆದರೆ ಅಕ್ಷರ ಚೆನ್ನಾಗಿದೆ ಅಂತ ಬೈಸಿಕೊಂಡವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

೧. ತಪ್ಪಿಹೋದ ಬಸ್ಸು

ಕೊರಟಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಆತ್ಮಕಥೆ ಬರೆದು, ಹಿಂದೊಮ್ಮೆ ಬೇರೆ ಕಡೆ ಅಚ್ಚು ಹಾಕಿಸಿದ್ದರು. ಕೂದಲೆಳೆಯಂಥ ಅಕ್ಷರ. ಎಲ್ಲರೂ "ಪುಸ್ತಕ ಭಾಳ ಚೆನ್ನಾಗೈತೆ ಸಾರ್" ಅಂದರಂತೆ. ಮೂರನೇ ಪುಟ ದಾಟಿದವರು ಒಬ್ಬರೂ ಇಲ್ಲ. ಅದನ್ನೇ ಮತ್ತೆ ಅಚ್ಚು ಹಾಕಿಸಲು ನನ್ನ ಅಂಗಡಿಗೆ ಬಂದಿದ್ದರು.

"ನಮ್ಮನೆಯವಳೂ ಕಣ್ಣು ನೋವು ಅಂತ ಮಡಿಚಿಟ್ಟಳು ಕಣಯ್ಯಾ. ಸಾಯೋದ್ರೊಳಗೆ ಒಬ್ಬರಾದ್ರೂ ಕೊನೇ ಪುಟದವರ್ಗೂ ಓದ್ಬೇಕು," ಅಂದರು. ನನಗೆ ನಿಜಕ್ಕೂ ಪಾಪ ಅನ್ನಿಸಿತು.

ಹಳೇ ಪುಸ್ತಕಗಳಲ್ಲಿ ಇರುತ್ತಿದ್ದಂಥ ಅಕ್ಷರ ತೆರೆದೆ. ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ತುದಿಯಲ್ಲಿ ಪುಟ್ಟ ಪಾದ, ಸಾಲುಗಳ ನಡುವೆ ಬೇಕಾದಷ್ಟು ಜಾಗ. ಒಂದು ಅಧ್ಯಾಯ ಪ್ರಿಂಟ್ ತೆಗೆದುಕೊಟ್ಟೆ. ಬೆಂಚಿನ ಮೇಲೆ ಕೂತು ಓದತೊಡಗಿದರು. ಟೀ ಆರಿತು. ಕೊರಟಗೆರೆ ಬಸ್ಸೂ ಹೋಯಿತು.

ಕೊನೆಗೆ ತಲೆ ಎತ್ತಿ, "ನಾನೇ ಬರೆದದ್ದು, ಆದ್ರೂ ಮುಂದೇನಾಯ್ತು ಅಂತ ನೋಡೋ ಹಂಗಾಯ್ತಲ್ಲಯ್ಯಾ!" ಅಂದರು.

೨. ಕೊನೇ ಸಾಲಿನ ಮಾವ

ಅದೇ ಹುಮ್ಮಸ್ಸಿನಲ್ಲಿ ಪಾವಗಡದವರೊಬ್ಬರ ಗೃಹಪ್ರವೇಶದ ಕಾರ್ಡಿಗೂ ಅದೇ ಅಕ್ಷರ ಹಾಕಿದೆ. ವಾರದೊಳಗೆ ಬಂದು ಕೂಗಾಡಿದರು.

"ಏಮಪ್ಪಾ, ಇಷ್ಟು ಸಲೀಸಾಗಿ ಓದೋ ಅಕ್ಷರ ಯಾರು ಹಾಕು ಅಂದ್ರು? ಬಳ್ಳಿ ಬಳ್ಳಿ ಅಕ್ಷರ ಇದ್ದಿದ್ರೆ ಯಾರೂ ಓದ್ತಿರ್ಲಿಲ್ಲ. ಸುಖಾಗಮನ ಬಯಸುವವರ ಪಟ್ಟೀನ ನಮ್ ಮಾವ ಪೂರ್ತಿ ಓದ್ಬುಟ್ಟ. ಷಡ್ಡಕನ ಕೆಳಗೆ ನನ್ನ ಹೆಸ್ರಾ ಅಂತ ಮನೇಗೇ ಬರಲ್ಲ ಅಂತಾನೆ!"

ಮಾವನನ್ನು ಮೊದಲ ಸಾಲಿಗೆ ಏರಿಸಿ ಹೊಸ ಕಾರ್ಡ್ ಮಾಡಿಕೊಟ್ಟೆ. ಈ ಸಲ ಬಳ್ಳಿ ಅಕ್ಷರವನ್ನೇ ಹಾಕಿದೆ. ಕೆಳಗಿಳಿದದ್ದು ಷಡ್ಡಕನಿಗೆ ಗೊತ್ತಾಗಬಾರದಲ್ಲ.

೩. ಮೇಷ್ಟ್ರ ಆಸೆ ತೀರಿತು

ಪುಸ್ತಕ ಹೊರಬಂದ ಹದಿನೈದು ದಿನಕ್ಕೆ ಮೇಷ್ಟ್ರ ಫೋನು. ದನಿ ಇಳಿದಿತ್ತು. "ನಮ್ಮನೆಯವಳು ಪೂರ್ತಿ ಓದ್ಬುಟ್ಟಳು ಕಣಯ್ಯಾ."

"ನಿಮ್ಮ ಆಸೆ ತೀರಿತಲ್ಲ ಸಾರ್!"

"ಹೆಣ್ಣು ನೋಡೋ ಅಧ್ಯಾಯನೂ ಓದವ್ಳೆ. ನಂಜೊತೆ ಮಾತಿಲ್ಲ. ಈಗ ನಿನ್ನ ಅಂಗಡಿಗೇ ಹೊರಟವ್ಳೆ."

ಆ ಅಧ್ಯಾಯ ಟೈಪ್ ಮಾಡಿದವನು ನಾನೇ. ಶಿರಾದಲ್ಲಿ ಇದೇ ಅಮ್ಮನವರನ್ನು ನೋಡಲು ಹೋದಾಗ ಹುಡುಗಿಗಿಂತ ಉಪ್ಪಿಟ್ಟೇ ಮನಸ್ಸಿಗೆ ಹಿಡಿಸಿತು ಅಂತ ಬರೆದಿದ್ದರು. ಮೊದಲ ಮುದ್ರಣದಲ್ಲಿ ಅದು ಭದ್ರವಾಗಿತ್ತು. ಬಯಲಿಗೆಳೆದದ್ದು ನನ್ನ ಅಕ್ಷರ. ಬಾಗಿಲು ಹಾಕಿಬಿಡೋಣವೇ ಅಂತ ಬೀಗ ಹುಡುಕತೊಡಗಿದೆ.

ಅಮ್ಮನವರು ಬಂದರು, ಕೂತರು, ನೀರು ಕುಡಿದರು. "ಈ ಅಕ್ಷರ ಹಾಕ್ದೋನು ನೀನೇನಪ್ಪಾ?"

"ಹೂಂ ಅಮ್ಮಾ."

"ಚೆನ್ನಾಗೈತೆ. ಕಣ್ಣು ಒಂಚೂರೂ ನೋಯ್ಲಿಲ್ಲ."

ಹೋದ ಜೀವ ಬಂದಂತಾಯಿತು. ಅವರು ಚೀಲದಿಂದ ದಪ್ಪನೆಯ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು.

"ನಾನೂ ಬರ್ದಿವ್ನಿ. ಅವ್ರು ಹೆಣ್ಣು ನೋಡೋಕ್ ಬಂದ ದಿನದಿಂದ್ಲೇ ಸುರು. ಇದೇ ಅಕ್ಷರ ಹಾಕು, ಇನ್ನೊಂಚೂರು ದೊಡ್ಡದಾಗೇ ಹಾಕು. ಕನ್ನಡಕ ಸಿಗ್ಲಿಲ್ಲ ಅನ್ನೋ ನೆಪ ಅವ್ರಿಗೆ ಇರಬಾರ್ದು ಕಣಪ್ಪಾ."