ಹಳ್ಳದ ದಾರಿ, ಹಗೇವಿನ ಮನೆ

ನಮ್ಮೂರಲ್ಲಿ ಹಳೆ ಮನೆಯೊಂದನ್ನು ಕೆಡವಿದರೆ ಧೂಳಿಗಿಂತ ಮೊದಲು ಮಾತು ಏಳುತ್ತದೆ. ಕರ್ಜಗಿ ರಸ್ತೆಯಲ್ಲಿ ನನ್ನದು ಸಿಮೆಂಟು, ಟೈಲ್ಸಿನ ಅಂಗಡಿ. ಕೆಡವುವವರೆಲ್ಲ ನನ್ನ ಗಿರಾಕಿಗಳೇ ಆದ್ದರಿಂದ ಯಾರಿಗೂ ಬುದ್ಧಿ ಹೇಳಲು ಹೋಗುವುದಿಲ್ಲ. ಹೋದ ವರ್ಷ ನಮ್ಮಣ್ಣನೇ ಕೆಡವಿದ. ಅವನ ಮಗಳನ್ನು ನೋಡಲು ಬ್ಯಾಡಗಿಯಿಂದ ಮೆಣಸಿನಕಾಯಿ ವ್ಯಾಪಾರಸ್ಥರು ಬರುವವರಿದ್ದರು. ಒಳ್ಳೆಯ ಸಂಬಂಧ. ಮಣ್ಣಿನ ಮಾಳಿಗೆ ಮನೆ ನೋಡಿ ಎಲ್ಲಿ ಬಿಟ್ಟು ಹೋದಾರೋ ಎಂದು ಅವನಿಗೆ ಹೆದರಿಕೆ.

ಅಪ್ಪನ ಅಳತೆ

ಹೊಸ ಹಾಲಿಗೆ ಟೈಲ್ಸ್ ಹಾಕುವ ದಿನ ಅಪ್ಪನಿಗೆ ಹಗೇವು ನೆನಪಾಯಿತು. ಹಿಂದೆ ಜೋಳ ತುಂಬಿಡಲು ಮನೆಯ ನೆಲದಲ್ಲೇ ಆಳವಾಗಿ ತೋಡುತ್ತಿದ್ದ ಗುಂಡಿ ಅದು. ನಮ್ಮದರ ಬಾಯಿ ಮುಚ್ಚಿ ಎಷ್ಟೋ ವರ್ಷವಾಗಿತ್ತು.

“ಎಲ್ಲೈತಿ ಹೇಳಪ್ಪಾ, ಕಲ್ಲು ಮಣ್ಣು ತುಂಬಿಸಿಬಿಡೂಣು,” ಎಂದ ಅಣ್ಣ.

“ಕರಿ ಎತ್ತು ಕಟ್ಟತಿದ್ವಲ್ಲ, ಅದರ ಬಾಲದಿಂದ ನಾಕು ಹೆಜ್ಜಿ.”

ಎತ್ತು ಸತ್ತು ಎಷ್ಟೋ ಕಾಲವಾಗಿತ್ತು, ಅದನ್ನು ಕಟ್ಟುತ್ತಿದ್ದ ಗೂಟವೂ ಇರಲಿಲ್ಲ. ಗೌಂಡಿ ಅಲ್ಲಲ್ಲಿ ಅಗೆದು ನೋಡಿದ. ಬರೀ ಗಟ್ಟಿ ಮಣ್ಣು.

“ಮನಿ ಕೆಡವೂಕಿಂತ ಮೊದಲ ಕೇಳಬೇಕಿತ್ತಪಾ,” ಎಂದ ಅಪ್ಪ.

“ಆವಾಗ ಕೇಳಿದ್ನಲ್ಲ!”

“ಆವಾಗ ನನಗ ನೆನಪಿರಲಿಲ್ಲ.”

ಟೈಲ್ಸ್ ಹಾಕಿ ಮುಗಿಸಿದರು.

ಜಾಣ ಗಟಾರ

ನಮ್ಮ ಓಣಿಯಲ್ಲಿ ಮೊದಲು ಕೆರೆಯ ಕೋಡಿ ನೀರು ಹರಿಯುವ ಹಳ್ಳವಿತ್ತು. ಅದೇ ವರ್ಷ ಅದನ್ನು ಮುಚ್ಚಿ ಕಾಂಕ್ರೀಟ್ ರಸ್ತೆ ಮಾಡಿ, ಬದಿಗೊಂದು ಗಟಾರ ಕಟ್ಟಿದರು. ಮೊದಲ ದೊಡ್ಡ ಮಳೆಗೆ ಓಣಿಯವರೆಲ್ಲ ಛತ್ರಿ ಹಿಡಿದು ನೋಡುತ್ತ ನಿಂತೆವು. ನೀರು ಭರ್ರನೆ ಬಂದು ಅಣ್ಣನ ಮನೆಯ ಮುಂದೆ ಮಾಯವಾಯಿತು. ಓಣಿಯ ತುದಿಯಲ್ಲಿ ಗಟಾರಕ್ಕೆ ಒಂದು ಹನಿ ಬರಲಿಲ್ಲ.

ಎಲ್ಲರಿಗೂ ಖುಷಿಯೋ ಖುಷಿ. ಮರುದಿನ ಗುತ್ತಿಗೆದಾರನಿಗೆ ಶಾಲು ಹೊದಿಸಿದರು. ಹಾರ ಹಾಕಿದವನು ನಾನೇ.

“ಅಲ್ಲೋ ತಮ್ಮಾ, ಅಷ್ಟು ನೀರು ಹೋಗೂದೆಲ್ಲಿ?” ಎಂದು ಎದುರು ಮನೆಯ ಮುದುಕಿ ಕೇಳಿದಳು.

“ಹೋತಲ್ಲ ಆಯಿ! ಎಲ್ಲಿ ಹೋತು ಅನ್ನೂದು ತಗೊಂಡು ಏನ್ ಮಾಡ್ತೀ?” ಎಂದ ಗುತ್ತಿಗೆದಾರ.

ಹಳ್ಳ ಹುಡುಕಿದವರು

ಬ್ಯಾಡಗಿಯವರು ಕಾರಿನಲ್ಲಿ ಊರೊಳಗೆ ಬಂದು, ಮನೆ ಸಿಗದೆ ಫೋನ್ ಮಾಡಿದರು. ನಮ್ಮ ದುರ್ದೈವ, ಫೋನ್ ಎತ್ತಿದ್ದು ಅಪ್ಪ.

“ಬಾವಿ ಎಡಕ್ಕ ಬಿಟ್ಟು, ಹಳ್ಳ ದಾಟಿ ಬರ್ರಿ.”

ಬಾವಿಯ ಮೇಲೆ ಮೊಬೈಲ್ ಅಂಗಡಿ ಎದ್ದು ಯಾವ ಕಾಲವಾಯಿತೋ. ಪಾಪ, ಅವರು ಬಸ್‌ಸ್ಟ್ಯಾಂಡು, ಹಿಟ್ಟಿನ ಗಿರಣಿ ಎಲ್ಲ ಸುತ್ತಿ ಮತ್ತೆ ಫೋನ್ ಮಾಡಿದರು.

“ಯಜಮಾನ್ರ, ಹಳ್ಳ ಎಲ್ಲೂ ಕಾಣವಲ್ದು.”

“ಈಗ ಎಲ್ಲಿ ನಿಂತೀರಿ?”

“ಇಲ್ಲೇ, ಕಾಂಕ್ರೀಟ್ ರಸ್ತಾದಾಗ.”

“ಹಳ್ಳದಾಗ ನಿಂತು ಹಳ್ಳ ಎಲ್ಲೈತಿ ಅಂತ ಕೇಳ್ತೀರಲ್ರೀ!” ಎಂದು ಅಪ್ಪ ಅವರನ್ನೇ ಗದರಿದ.

ಸೋಫಾದ ಮೇಲೆ ಅಜ್ಜ

ಅಂತೂ ಬಂದರು. ಹುಡುಗ ಮತ್ತು ಅವನ ಅಜ್ಜ ಹೊಸ ಸೋಫಾದ ಮೇಲೆ ಕುಳಿತರು. ಹುಡುಗಿ ಶಿರಾ, ಉಪ್ಪಿಟ್ಟಿನ ತಾಟು ಹಿಡಿದು ಬಂದಳು.

“ಟೈಲ್ಸ್ ಚಲೋ ಅದಾವು,” ಎಂದರು ಅಜ್ಜ. ನಾನು ಹಿಗ್ಗಿದೆ.

ಅಷ್ಟರಲ್ಲಿ ಲಟ್ ಎಂದಿತು. ಸೋಫಾದ ಒಂದು ಬದಿ ಅಜ್ಜನ ಸಮೇತ ಮೊಣಕಾಲಷ್ಟು ಕೆಳಗಿಳಿಯಿತು. ಹುಡುಗಿ ತಾಟು ಎಸೆದು ಅಜ್ಜನ ರಟ್ಟೆ ಹಿಡಿದು ಮೇಲೆಳೆದಳು. ಬಿರುಕಿನಿಂದ ನೀರೂ ಬಂತು, ಮುಗ್ಗಿದ ಜೋಳದ ವಾಸನೆಯೂ ಬಂತು. ಆ ಮಳೆಗಾಲದ ಗಟಾರದ ನೀರೆಲ್ಲ ಇಳಿದದ್ದು ನಮ್ಮ ಹಗೇವಿಗೆ!

ಅಣ್ಣ ಗೋಡೆ ಹಿಡಿದು ನಿಂತ. ಸಂಬಂಧ ಕೈತಪ್ಪಿತು ಎಂದುಕೊಂಡೆ ನಾನು. ಅಜ್ಜ ಮಾತ್ರ ಮೂಗು ಅರಳಿಸಿದರು.

“ಹಗೇವೇನ್ರಿ?”

“ಹೌದ್ರಿ!” ಎಂದ ಅಪ್ಪ, ಕಡೆಗೂ ಸಿಕ್ಕಿತೆಂಬ ಸಂತೋಷದಲ್ಲಿ.

“ನಮ್ಮ ಕಾಲದಾಗ ಹೆಣ್ಣು ನೋಡಾಕ ಹೋದ್ರ ಹಗೇವು ಎಷ್ಟು ಅದಾವು ಅಂತ ಕೇಳ್ತಿದ್ರು. ನಾವು ಕೇಳೂಕಿಂತ ಮೊದಲ ನೀವು ತೋರಿಸಿಬಿಟ್ರಿ!”

ಅಣ್ಣನಿಗೆ ಹೋದ ಜೀವ ಬಂತು. “ಹಂಗಾರ... ಹುಡುಗಿ?”

“ಹುಡುಗಿ ನಮಗ ಒಪ್ಪಿಗಿ ಐತ್ರಿ.” ಅಜ್ಜ ಬಾಗಿಲ ಕಡೆ ತಿರುಗಿದರು. ಮೊಮ್ಮಗ ಅಂಗಳದಾಚೆ, ಕಾರಿನ ಪಕ್ಕ ಬರಿಗಾಲಲ್ಲಿ ನಿಂತಿದ್ದ. “ನನ್ನ ಬಿಟ್ಟು ಓಡಿದಾವ ಅಲ್ಲಿ ನಿಂತಾನ ನೋಡ್ರಿ. ಅವನ್ನ ಒಪ್ಪೂದೋ ಬಿಡೂದೋ, ನಿಮ್ಮ ಹುಡುಗೀನ್ನ ಕೇಳಿ ಹೇಳ್ರಿ.”