ಸೀಲಣ್ಣನ ಅಧಿಕೃತ ನಕ್ಷೆ

ದಾರಿ ಕೇಳುವುದು ಒಂದು ರೋಗ ಎಂಬುದು ಸೀಲಣ್ಣನ ಖಚಿತ ಅಭಿಪ್ರಾಯ. ಆ ರೋಗ ಮದುವೆಯಾಗಿ ತನ್ನ ಮನೆಗೇ ಬಂದು ಬೀಡುಬಿಟ್ಟಿದೆ ಎಂಬುದು ಅವನ ದುಃಖ.

ಸೀಲಣ್ಣ ರಬ್ಬರ್ ಸೀಲು ಕೊರೆಯುವವನು. ಬಸ್ ನಿಲ್ದಾಣದ ಪಕ್ಕದಲ್ಲಿ ಬೀರುವಿನಷ್ಟು ಅಗಲದ ಅಂಗಡಿ. ಒಳಗೆ ಅವನು ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು. ಡಾಕ್ಟರಾಗಲಿ ವಕೀಲರಾಗಲಿ, ಈ ಬೀರುವಿನ ಮುಂದೆ ಬಂದು ನಿಂತ ಮೇಲೆಯೇ ಊರಿನ ಕಣ್ಣಿಗೆ ಡಾಕ್ಟರು, ವಕೀಲರು. ಮೂವತ್ತು ವರ್ಷದಿಂದ ಬ್ಲೇಡಿನ ತುದಿಯಲ್ಲಿ ಅಕ್ಷರಗಳನ್ನು ಹಿಂದುಮುಂದಾಗಿ ಕೊರೆಯುತ್ತ ಬಂದಿದ್ದಾನೆ. ಒಂದು ಕೊಂಬು ಬಿಟ್ಟಿದ್ದಿಲ್ಲ, ಒಂದು ಒತ್ತು ಜಾರಿದ್ದಿಲ್ಲ. (ಮದುವೆಯ ಹೊಸದರಲ್ಲಿ ಅವನು ಬರೆದ ಪ್ರೇಮಪತ್ರ ಅಭ್ಯಾಸಬಲದಿಂದ ಪೂರ್ತಿ ತಿರುವುಮುರುವಾಗಿತ್ತಂತೆ. ಹೆಂಡತಿ ಅದನ್ನು ಕನ್ನಡಿಗೆ ಹಿಡಿದು ಓದಿಕೊಂಡಳಂತೆ. ಅಂದಿನಿಂದ ಅವಳ ಚೀಲದಲ್ಲಿ ಒಂದು ಪುಟ್ಟ ಕನ್ನಡಿ ಇದ್ದೇ ಇದೆ.)

ಹೆಂಡತಿ ಅದೇ ಬಸ್ ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಕೂರುವವಳು. ದಿನಕ್ಕೆ ನಾನೂರು ಜನರಿಗೆ ಯಾವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಹೇಳಿ ಹೇಳಿ, ಪರ ಊರಿಗೆ ಹೋದಾಗ ತಾನೂ ನಾನೂರು ಜನರನ್ನು ಕೇಳುವುದು ನ್ಯಾಯ ಎಂದು ತಿಳಿದವಳು. ಕೇಳಿ ಸುಮ್ಮನಾದರೂ ಆಗುತ್ತಿತ್ತು. ಕೇಳಿದವರ ಮಕ್ಕಳೆಷ್ಟು, ಮಂಡಿನೋವಿಗೆ ಯಾವ ಎಣ್ಣೆ ಎಂಬಲ್ಲಿಗೆ ಹೋಗಿ ಮುಟ್ಟುತ್ತಾಳೆ.

ಹನ್ನೊಂದು ವರ್ಷದ ಹಿಂದೆ ಇಬ್ಬರೂ ಒಂದು ದಿನದ ಮಟ್ಟಿಗೆ ಮಹಾನಗರ ನೋಡಲು ಹೋಗಿದ್ದರು. ನದಿಯ ದಡದಲ್ಲಿ ಐದಂತಸ್ತಿನ ಒಂದು ಹೋಟೆಲಿದೆ. ಅದರ ಮೇಲಂತಸ್ತಿನ ಕಿಟಕಿಯ ಪಕ್ಕ ಕೂತು ಊಟ ಮಾಡುತ್ತ ಇಡೀ ನಗರವನ್ನು ನೋಡಬೇಕೆಂಬುದು ಹೆಂಡತಿಯ ಆಸೆ. ಆದರೆ ದಾರಿಯಲ್ಲಿ ಅವಳು ಒಬ್ಬ ಹೆಂಗಸನ್ನು ‘ಆ ಹೋಟೆಲು ಯಾವ ಕಡೆ’ ಎಂದು ಕೇಳಿದಳು. ಆ ಹೆಂಗಸು ಇವರನ್ನು ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಅವಳ ಹೊಸ ಅಡುಗೆಮನೆ ನೋಡಿದ್ದಾಯಿತು, ಮೊಮ್ಮಗನ ಫೋಟೋ ನೋಡಿದ್ದಾಯಿತು. ಹೋಟೆಲು ಮುಟ್ಟಿದಾಗ ಮೂರೂವರೆ. ಅಡುಗೆಯವರು ಪಾತ್ರೆ ತೊಳೆಯುತ್ತಿದ್ದರು. ನಗರದರ್ಶನ ಎಂದರೆ ಅಡುಗೆಮನೆಯ ದರ್ಶನವಾಯಿತಲ್ಲ ಎಂದು ಸೀಲಣ್ಣ ಇಂದಿಗೂ ಗೊಣಗುತ್ತಾನೆ.

ಈ ವರ್ಷ ಹೆಂಡತಿ ಎರಡು ವಾರ ಮೊದಲೇ ಫೋನು ಮಾಡಿ ಅದೇ ಹೋಟೆಲಿನಲ್ಲಿ ಕಿಟಕಿಯ ಪಕ್ಕದ ಮೇಜನ್ನು ಹೇಳಿಟ್ಟಳು. ಮಧ್ಯಾಹ್ನ ಒಂದು ಗಂಟೆ. ಹತ್ತು ನಿಮಿಷ ತಡವಾದರೆ ಮೇಜು ಬೇರೆಯವರಿಗೆ.

‘ಈ ಸಲದ ವ್ಯವಸ್ಥೆ ನನ್ನದು’ ಎಂದು ಸೀಲಣ್ಣ ಘೋಷಿಸಿದ. ‘ನಾನೇ ನಕ್ಷೆ ಮಾಡ್ತೀನಿ. ದಾರೀಲಿ ಒಬ್ಬ ನರಪಿಳ್ಳೆಯನ್ನೂ ಕೇಳಕೂಡದು.’

‘ಫೋನಿನಲ್ಲಿ ದಾರಿ ತೋರಿಸ್ತಾರಲ್ಲ ರೀ.’

‘ಅದರೊಳಗೂ ಒಬ್ಬಳು ಹೆಂಗಸೇ ಕೂತು ಎಡಕ್ಕೆ ಹೋಗಿ, ಬಲಕ್ಕೆ ಹೋಗಿ ಅಂತಾಳೆ. ಮನೇಲಿ ಒಬ್ಬಳು ಹೇಳೋದು ಸಾಲದಾ? ಬೀದೀಲಿ ಹಾಕಿರೋ ಬೋರ್ಡು ನೋಡೋದೂ ಕೇಳಿದ ಹಾಗೇ ಲೆಕ್ಕ.’

ಜೊತೆಗೆ ಹೊರಡಲಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಮೂಲೆಯ ಕುರ್ಚಿಯಿಂದ ಕೇಳಿದರು. ‘ಅಳಿಯಂದ್ರೇ, ನೀರು ಕುಡಿಯೋದು ಎಷ್ಟು ಗಂಟೆಗೆ ಅಂತ ಇಟ್ಟಿದೀರಿ?’

‘ಹನ್ನೊಂದೂ ಐದಕ್ಕೆ, ಅತ್ತೆ.’ ಸೀಲಣ್ಣ ಆಗಲೇ ಬರೆದಿಟ್ಟುಕೊಂಡಿದ್ದ ವೇಳಾಪಟ್ಟಿ ನೋಡಿಯೇ ಹೇಳಿದ. ಅತ್ತೆ ಕುಹಕವಾಡಿದ್ದೆಂದು ಅವನಿಗೆ ಹೊಳೆಯಲಿಲ್ಲ.

ಹೆಂಡತಿ ಒಪ್ಪಿದಳು. ‘ಆಯ್ತು. ತುಟಿ ಹೊಲಿದುಕೊಂಡು ಬರ್ತೀನಿ. ಒಂದು ಗಂಟೆಗೆ ನನ್ನನ್ನ ಆ ಕಿಟಕಿ ಪಕ್ಕ ಕೂರಿಸಿಬಿಡಿ, ಸಾಕು. ಹನ್ನೊಂದು ವರ್ಷ ಕಾದಿದೀನಿ. ಕೂರಿಸದೇ ಹೋದರೆ?’

‘ಹೋದರೆ, ಜೀವಮಾನವೆಲ್ಲ ನಾನು ಮುಂದೆ ನಡೆಯಲ್ಲ. ಹಿಂದೆ ನಡೀತೀನಿ.’

‘ಅಮ್ಮ, ಕೇಳಿಸ್ಕೊಂಡ್ಯಾ?’

‘ಕೇಳಿಸ್ಕೊಂಡೆ’ ಎಂದರು ಅತ್ತೆ.

ಬೇರೆ ಯಾರಾದರೂ ಆಗಿದ್ದರೆ ಅಂಗಡಿಯಲ್ಲಿ ಸಿಗುವ ನಕ್ಷೆಯನ್ನೇ ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಸೀಲಣ್ಣ ಅದನ್ನು ಮುಂದಿಟ್ಟುಕೊಂಡು, ಬೇಡದ ಬೀದಿಗಳನ್ನೆಲ್ಲ ಬಿಟ್ಟು, ತಮಗೆ ಬೇಕಾದಷ್ಟನ್ನು ಊಟದ ತಟ್ಟೆಯಗಲದ ರಬ್ಬರಿನ ಮೇಲೆ ಕೊರೆಯಲು ಕೂತ. ಒಂಬತ್ತು ಸಂಜೆ ಹಿಡಿಯಿತು. ರೈಲು ನಿಲ್ದಾಣ, ಉದ್ಯಾನವನ, ವಸ್ತುಸಂಗ್ರಹಾಲಯ, ಗಡಿಯಾರದ ಗೋಪುರ, ಕೊನೆಗೆ ಹೋಟೆಲು. ಪ್ರತಿಯೊಂದು ಬೀದಿಯ ಹೆಸರು ಅಕ್ಕಿಕಾಳಿನ ಗಾತ್ರದಲ್ಲಿ. ಕೆಳಗೆ ಎರಡು ಸಾಲು ಶಾಸನ: ‘ಮಾರ್ಗಮಧ್ಯದಲ್ಲಿ ಯಾರನ್ನೂ ಕೇಳತಕ್ಕದ್ದಲ್ಲ. ಯಾರು ಏನೇ ಹೇಳಿದರೂ ನಂಬತಕ್ಕದ್ದಲ್ಲ.’ ಅದರಡಿ ತನ್ನ ಅಂಗಡಿಯ ದುಂಡು ಮುದ್ರೆ.

ನೇರಳೆ ಶಾಯಿಯಲ್ಲಿ ಮೊದಲ ಪ್ರತಿ ಒತ್ತಿದಾಗ ಸೀಲಣ್ಣನಿಗೆ ಕಣ್ಣು ತುಂಬಿ ಬಂತು. ಭೂತಗನ್ನಡಿ ಹಿಡಿದು ಅಕ್ಷರ ಅಕ್ಷರವನ್ನೂ ಪರೀಕ್ಷಿಸಿದ. ಒಂದು ತಪ್ಪಿಲ್ಲ. (ರಸ್ತೆಗಳನ್ನು ಪರೀಕ್ಷಿಸಲಿಲ್ಲ. ರಸ್ತೆಗೆ ಕೊಂಬು, ಒತ್ತು ಇರುವುದಿಲ್ಲವಲ್ಲ.)

ಆ ಹೊತ್ತಿಗೆ ಸರಿಯಾಗಿ ಡ್ರಿಲ್ ಮೇಷ್ಟ್ರು ಅಂಗಡಿಗೆ ಬಂದರು. ನಿವೃತ್ತರಾಗಿ ಎಂಟು ವರ್ಷವಾದರೂ ಅವರ ಕೊರಳಿನಿಂದ ಸೀಟಿ ನಿವೃತ್ತವಾಗಿಲ್ಲ. ಈಗ ಊರಿನ ನಿವೃತ್ತ ನೌಕರರ ಸಂಘದ ಅಧ್ಯಕ್ಷರು. ಸಂಘದವರೂ ಅದೇ ಭಾನುವಾರ, ಆದರೆ ಮಧ್ಯಾಹ್ನ ಮುಟ್ಟುವ ರೈಲಿಗೆ, ಅದೇ ನಗರ ನೋಡಲು ಹೊರಟಿದ್ದರು. ಮೇಷ್ಟ್ರು ನಕ್ಷೆಯನ್ನು ಎತ್ತಿ ಹಿಡಿದು ನೋಡಿದರು. ಕೆಳಗಿನ ಶಾಸನವನ್ನು ಎರಡು ಸಲ ಗಟ್ಟಿಯಾಗಿ ಓದಿದರು.

‘ಇದು ಶಿಸ್ತು ಅಂದ್ರೆ. ನಮಗೆ ಮೂವತ್ತೆರಡು ಪ್ರತಿ ಒತ್ತಿಕೊಡಿ.’

ಸೀಲಣ್ಣ ನಲವತ್ತು ಒತ್ತಿಕೊಟ್ಟ.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಮೂವರೂ ನಗರದಲ್ಲಿ ಇಳಿದರು. ನಿಲ್ದಾಣದ ಬಾಗಿಲಲ್ಲಿ ಸೀಲಣ್ಣ ನಕ್ಷೆ ಬಿಚ್ಚಿ, ಗಂಟಲು ಸರಿಮಾಡಿಕೊಂಡು, ‘ಎಡಕ್ಕೆ’ ಎಂದ. ಹೆಂಡತಿ ತುಟಿಯ ಮೇಲೆ ಬೆರಳಿಟ್ಟುಕೊಂಡು ಹಿಂಬಾಲಿಸಿದಳು.

ಐದು ನಿಮಿಷ ನಡೆದ ಮೇಲೆ ಉದ್ಯಾನವನ ಬರಬೇಕಿತ್ತು. ಹಳೇ ಟೈರಿನ ಅಂಗಡಿಗಳು ಬಂದವು. ಬೀದಿಯ ಎರಡೂ ಬದಿ ಆಳೆತ್ತರ ಟೈರು.

‘ಹೂವು ಕಪ್ಪಗಿದೆ’ ಎಂದರು ಅತ್ತೆ.

‘ಉದ್ಯಾನವನ ತೆಗೆದು ಅಂಗಡಿ ಮಾಡಿದಾರೆ ಅಂತ ಕಾಣುತ್ತೆ. ನಗರ ಅಂದ ಮೇಲೆ ಬದಲಾಗ್ತಾನೇ ಇರುತ್ತೆ’ ಎಂದ ಸೀಲಣ್ಣ. ಬೀದಿಯ ಹೆಸರೂ ಬೇರೆ ಇತ್ತು. ಹೆಸರನ್ನೂ ಬದಲಾಯಿಸಿರಬೇಕು ಎಂದುಕೊಂಡ. ‘ಈಗ ಬಲಕ್ಕೆ. ವಸ್ತುಸಂಗ್ರಹಾಲಯ.’

ಬಲಕ್ಕೆ ತಿರುಗಿದರೆ ಉದ್ದನೆಯ ಹಳದಿ ಕಟ್ಟಡ. ಸೀಲಣ್ಣನ ಮುಖ ಅರಳಿತು. ಮೂವರೂ ಗಾಂಭೀರ್ಯದಿಂದ ಒಳಗೆ ಹೋದರು. ಅಂಗಳದಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಒಂದು ಕುದುರೆ, ಬೆಂಚಿನ ಮೇಲೆ ನಾಯಿಗಳನ್ನು ತಬ್ಬಿಕೊಂಡು ಕೂತ ಏಳೆಂಟು ಜನ. ಕುದುರೆ ಸೀಲಣ್ಣನ ಕಿವಿಯ ಹತ್ತಿರ ಸೀನಿತು.

‘ಎಲ್ಲಾ ಜೀವಂತವಾಗೇ ಇಟ್ಟಿದಾರಲ್ಲ, ಪರವಾಗಿಲ್ಲ’ ಎಂದರು ಅತ್ತೆ.

ಪಶು ಆಸ್ಪತ್ರೆಯ ಕಾವಲುಗಾರ ಹತ್ತಿರ ಬಂದ. ‘ಎಲ್ಲಿಗೆ ಹೋಗಬೇಕು ಸ್ವಾಮಿ? ದಾರಿ ಗೊತ್ತಾ?’

ಹೆಂಡತಿಯ ಬಾಯಿ ಅರ್ಧ ತೆರೆಯಿತು. ಸೀಲಣ್ಣ ಕಣ್ಣಲ್ಲೇ ಗದರಿದ. ಅವಳು ಬಾಯಿ ಮುಚ್ಚಿಕೊಂಡಳು. ‘ಗೊತ್ತಿದೆ’ ಎಂದು ಸೀಲಣ್ಣ ಮೂಗಿನಿಂದ ಹೇಳಿ ಹೊರಬಂದ.

ಆಮೇಲೆ ನಡೆದದ್ದೇ ನಡೆದದ್ದು. ಗಡಿಯಾರದ ಗೋಪುರ ಇರಬೇಕಾದಲ್ಲಿ ನೀರಿನ ಟ್ಯಾಂಕು. ನದಿ ಇರಬೇಕಾದಲ್ಲಿ ಇಸ್ತ್ರಿ ಅಂಗಡಿ. ಹೋಟೆಲು ಇರಬೇಕಾದಲ್ಲಿ, ‘ಇಲ್ಲಿ ಗಾಡಿ ನಿಲ್ಲಿಸಬಾರದು’ ಎಂದು ಬರೆದ ಒಂದು ಉದ್ದ ಗೋಡೆ. ಹನ್ನೊಂದೂ ಐದಕ್ಕೆ ಮಾತ್ರ ಯೋಜನೆಯಂತೆ ಆ ಗೋಡೆಯ ಪಕ್ಕ ನಿಂತು ನೀರು ಕುಡಿದರು.

‘ಅಳಿಯಂದಿರದು ಏನೂ ತಪ್ಪಿಲ್ಲ ಕಣೇ’ ಎಂದರು ಅತ್ತೆ ಮಗಳಿಗೆ. ‘ಊರೇ ತಪ್ಪು ಜಾಗದಲ್ಲಿದೆ.’

ಹೆಂಡತಿ ನಗಲಿಲ್ಲ. ಕೈಗಡಿಯಾರ ನೋಡಿಕೊಂಡಳು. ಬೈದಿದ್ದರೆ ಸೀಲಣ್ಣನಿಗೆ ಹಾಯೆನಿಸುತ್ತಿತ್ತು. ಅವಳು ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದಾಳೆಂಬುದೂ, ಕುಂಟುತ್ತಿದ್ದಾಳೆಂಬುದೂ ಆಗಲೇ ಅವನ ಗಮನಕ್ಕೆ ಬಂದದ್ದು.

ಹನ್ನೆರಡೂವರೆಗೆ ಒಂದು ಮೂಲೆ ತಿರುಗಿದಾಗ ಎದುರಿಗೆ ಅದೇ ರೈಲು ನಿಲ್ದಾಣ. ಗಾಣದ ಎತ್ತಿನಂತೆ ಸುತ್ತಿ ಹೊರಟಲ್ಲಿಗೇ ಬಂದಿದ್ದರು. ಚೌಕದಲ್ಲಿ ಬಾಗಿಲಷ್ಟು ದೊಡ್ಡ ಬೋರ್ಡಿನ ಮೇಲೆ ನಗರದ ನಕ್ಷೆ ಬರೆದಿತ್ತು. ಸೀಲಣ್ಣ ಪರಸ್ತ್ರೀಯ ಕಡೆ ನೋಡಬಾರದೆಂಬಂತೆ ಮುಖ ತಿರುಗಿಸಿಕೊಂಡ. ಹೆಂಡತಿಯೂ ಮಾತಿಗೆ ತಪ್ಪದೆ ಬೋರ್ಡಿಗೆ ಬೆನ್ನು ಮಾಡಿ ಬೆಂಚಿನ ಮೇಲೆ ಕೂತಳು. ನಕ್ಷೆಯನ್ನು ಅವನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿ ಹರವಿಕೊಂಡಳು. ಕೆದರಿದ ಕೂದಲು ಸರಿಮಾಡಿಕೊಳ್ಳಲು ಚೀಲದಿಂದ ಕನ್ನಡಿ ತೆಗೆದಳು.

ಕೂದಲ ಮೇಲೆ ಹೋದ ಕೈ ಅಲ್ಲೇ ನಿಂತಿತು. ಕನ್ನಡಿ ನೋಡಿದಳು, ಮಡಿಲು ನೋಡಿದಳು. ಮತ್ತೆ ಕನ್ನಡಿ.

‘ರೀ, ಸ್ವಲ್ಪ ಬನ್ನಿ ಇಲ್ಲಿ. ಈ ಕನ್ನಡೀಲಿ ಏನು ಕಾಣುತ್ತೆ ನೋಡಿ.’

ಸೀಲಣ್ಣ ಬಗ್ಗಿ ನೋಡಿದ. ಕನ್ನಡಿಯಲ್ಲಿ ಹಿಂದಿನ ಬೋರ್ಡು ತಿರುವುಮುರುವಾಗಿ ಕಾಣುತ್ತಿತ್ತು. ಆ ತಿರುವುಮುರುವು ಬೋರ್ಡಿನ ರಸ್ತೆಗಳೂ ಅವನ ನಕ್ಷೆಯ ರಸ್ತೆಗಳೂ ಗೆರೆಗೆ ಗೆರೆ ಹೊಂದಿಕೊಂಡಿದ್ದವು.

ಮೂವತ್ತು ವರ್ಷ ಸೀಲು ಕೊರೆದ ಸೀಲಣ್ಣನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅಕ್ಷರ ಕಂಡರೆ ಅವನ ಕೈ ತಾನಾಗಿಯೇ ತಿರುಗಿಸಿ ಕೊರೆಯುತ್ತದೆ. ರಸ್ತೆಯನ್ನು ಆ ಕೈ ಹಿಂದೆಂದೂ ಕೊರೆದಿರಲಿಲ್ಲ, ಕಂಡದ್ದನ್ನು ಕಂಡಂತೆಯೇ ಕೊರೆದಿತ್ತು. ಕಂಡಂತೆ ಕೊರೆದದ್ದು ಕಾಗದದ ಮೇಲೆ ತಿರುಗಿ ಬೀಳುತ್ತದೆ ಎಂಬುದು ಈ ಕಸುಬಿನ ಮೊದಲ ದಿನದ ಪಾಠ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

‘ನಾನು ಬೋರ್ಡು ನೋಡಲಿಲ್ಲ’ ಎಂದಳು ಹೆಂಡತಿ. ‘ನನ್ನ ಮುಖ ನೋಡ್ಕೊಂಡೆ, ಅಷ್ಟೇ. ನಡೀರಿ, ಇನ್ನೂ ಹೊತ್ತಿದೆ.’

ನಿಲ್ದಾಣದಿಂದ ಬಲಕ್ಕೆ ಹೊರಟರು. ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ, ಅತ್ತೆ ನಡುವೆ, ಸೀಲಣ್ಣ ಹಿಂದೆ. ಹಾದಿಯ ಪಕ್ಕ ನಿಜವಾದ ಉದ್ಯಾನವನ ನಿಜವಾದ ಹೂವಿನೊಂದಿಗೆ ಕಾಣಿಸಿತು; ನಿಲ್ಲಲು ಸಮಯವಿರಲಿಲ್ಲ. ಸಂಗ್ರಹಾಲಯ, ಗೋಪುರದ ಸುತ್ತು ಬಿಟ್ಟು ನೇರ ಹೋದರೆ ಹೋಟೆಲು ಇದ್ದದ್ದು ಬರೀ ಹತ್ತು ನಿಮಿಷದ ದಾರಿಯಲ್ಲಿ. ಒಂದಕ್ಕೆ ಎರಡು ನಿಮಿಷವಿರುವಾಗ ಹೆಂಡತಿ ಐದನೇ ಅಂತಸ್ತಿನ ಕಿಟಕಿಯ ಪಕ್ಕ ಕೂತಿದ್ದಳು. ಬಿಸಿ ಸೂಪು ಬಂತು. ಅವಳು ಅದನ್ನು ಮುಟ್ಟದೆ, ಗಲ್ಲಕ್ಕೆ ಕೈಯಿಟ್ಟುಕೊಂಡು ಕೆಳಗೆ ಹರಿಯುವ ನದಿ, ಸೇತುವೆ, ಗೋಪುರ ಎಲ್ಲವನ್ನೂ ನೋಡಿದಳು. ಅವಳ ಮುಖ ಕಂಡು ಸೀಲಣ್ಣನಿಗೆ ಅವಮಾನ ಅರ್ಧ ಇಳಿಯಿತು, ಹಸಿವು ದುಪ್ಪಟ್ಟಾಯಿತು. ಚಮಚ ಎತ್ತಿದ.

‘ಅಲ್ಲಿ ನೋಡಿ ಎಷ್ಟು ಚೆನ್ನಾಗಿದೆ. ಹಳದಿ ಟೋಪಿಯವರು ಸಾಲಾಗಿ ನಿಂತಿದಾರೆ’ ಎಂದಳು ಹೆಂಡತಿ.

ರೈಲು ನಿಲ್ದಾಣದ ಚೌಕದಲ್ಲಿ ಮೂವತ್ತೆರಡು ಹಳದಿ ಟೋಪಿ. ಎದುರಿಗೆ ಒಬ್ಬರು ನಿಂತು ತಲೆ ಎಣಿಸುತ್ತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಕಾಗದ. ಸೀಲಣ್ಣ ಮೆಲ್ಲನೆ ತಿಂಡಿಪಟ್ಟಿಯನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದ.

‘ಅದು ನಮ್ಮ ಡ್ರಿಲ್ ಮೇಷ್ಟ್ರು ಅಲ್ವೇನ್ರೀ?’

‘ಇರಬಹುದು.’

‘ನಿಮ್ಮ ನಕ್ಷೆ ಹಿಡ್ಕೊಂಡಿದಾರಾ?’

ತಿಂಡಿಪಟ್ಟಿ ಇನ್ನಷ್ಟು ಮೇಲೇರಿತು.

‘ಪಾಪ, ಅರ್ಧ ಜನಕ್ಕೆ ಮಂಡಿನೋವು’ ಎಂದು ಅವಳು ಕನ್ನಡಿಯನ್ನು ಅವನ ಮುಂದಿಟ್ಟಳು. ‘ಹೋಗಿ. ಸೂಪು ನಾವು ನೋಡ್ಕೋತೀವಿ.’

ಮನೆಯಾಗಿದ್ದರೆ ಸೀಲಣ್ಣ ವಾದ ಹೂಡುತ್ತಿದ್ದ. ಆದರೆ ಆ ಮೂವತ್ತೆರಡು ಕಾಗದದ ಮೇಲೂ ಅವನ ದುಂಡು ಮುದ್ರೆಯಿತ್ತು. ಐದು ಅಂತಸ್ತು ಇಳಿದು, ಹತ್ತು ನಿಮಿಷದ ದಾರಿಯನ್ನು ಆರು ನಿಮಿಷದಲ್ಲಿ ಓಡಿ, ಏದುಸಿರು ಬಿಡುತ್ತ ಚೌಕ ಮುಟ್ಟಿದ.

‘ಮೇಷ್ಟ್ರೇ, ಎಡಕ್ಕೆ ಹೋಗಬೇಡಿ. ಬಲಕ್ಕೆ. ನಕ್ಷೆ ತಿರುವುಮುರುವಾಗಿದೆ. ಈ ಕನ್ನಡೀಲಿ ನೋಡಿದರೆ...’

ಡ್ರಿಲ್ ಮೇಷ್ಟ್ರು ಕೈ ಎತ್ತಿ ತಡೆದರು. ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಕೆಳಗಿನ ಸಾಲನ್ನು ಇಡೀ ಸಂಘಕ್ಕೆ ಕೇಳುವಂತೆ ಓದಿದರು. ‘ಯಾರು ಏನೇ ಹೇಳಿದರೂ ನಂಬತಕ್ಕದ್ದಲ್ಲ. ಇದರ ಕೆಳಗಿರೋ ಮುದ್ರೆ ಯಾರದು?’

‘ನನ್ನದೇ, ಆದರೆ...’

‘ಮೂವತ್ತು ವರ್ಷದಲ್ಲಿ ನಿಮ್ಮ ಸೀಲು ಯಾವತ್ತಾದರೂ ತಪ್ಪಿದೆಯಾ?’

ಇಲ್ಲ ಎಂದರೆ ಇವರೆಲ್ಲ ಎಡಕ್ಕೇ ನಡೆಯುತ್ತಾರೆ, ಹೌದು ಎಂದರೆ ನಾಳೆ ಅಂಗಡಿಯ ಬಾಗಿಲು ತೆಗೆಯುವುದು ಹೇಗೆ?

‘ನೋಡಿದಿರಾ, ನಮ್ಮನ್ನು ಪರೀಕ್ಷೆ ಮಾಡೋದಕ್ಕೇ ಬಂದಿದಾರೆ’ ಎಂದು ಮೇಷ್ಟ್ರು ಮೆಚ್ಚುಗೆಯಿಂದ ಅವನ ಬೆನ್ನು ತಟ್ಟಿ, ಸಾಲಿನ ತುದಿಗೆ ನಿಲ್ಲಿಸಿ, ಎಲ್ಲಿಂದಲೋ ಒಂದು ಹಳದಿ ಟೋಪಿ ತಂದು ತಲೆಗೆ ಏರಿಸಿದರು. ಸೀಟಿ ಊದಿದರು. ಸಾಲು ಎಡಕ್ಕೆ ತಿರುಗಿತು.

ಸೀಲಣ್ಣ ಒಮ್ಮೆ ಹಿಂತಿರುಗಿ ಹೋಟೆಲಿನ ಕಡೆ ನೋಡಿದ. ಐದನೇ ಅಂತಸ್ತಿನ ಕಿಟಕಿಯಲ್ಲಿ ಎರಡು ಪುಟ್ಟ ಆಕೃತಿಗಳು. ಒಂದು ಕೈ ಬೀಸುತ್ತಿತ್ತು. ಇನ್ನೊಂದು, ಅದು ಅತ್ತೆಯೇ ಇರಬೇಕು, ಅವನ ಪಾಲಿನ ಸೂಪಿನ ಬಟ್ಟಲನ್ನೂ ಬಾಯಿಗೆತ್ತಿದಂತಿತ್ತು.

ಮುಂದಿದ್ದ ಕೋಲಿನ ಅಜ್ಜಿ ಕೇಳಿದರು. ‘ಏನಪ್ಪಾ, ಮೊದಲು ಉದ್ಯಾನವನ ಬರುತ್ತಂತಲ್ಲ. ನೀನು ನೋಡಿ ಬಂದೆಯಾ? ಹೇಗಿದೆ?’

‘ನೋಡಿದೆ ಅಜ್ಜಿ’ ಎಂದ ಮೂವತ್ತೆರಡು ಜನರ ಹಿಂದೆ ನಡೆಯುತ್ತ ಸೀಲಣ್ಣ. ‘ಹೂವು ಸ್ವಲ್ಪ ಕಪ್ಪಗಿದೆ.’